ಅಂದಾಜು ತಪ್ಪಿದರೆ ದಂಡ ಯಾರದು?

ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಬೇಕರಿ, ಅದರ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಇರುವ ಕಟ್ಟಡದ ಮೂರನೇ ಮಹಡಿಯಲ್ಲಿ ಶನಿವಾರ, ಭಾನುವಾರ ನಾನು ಪಾಠ ಮಾಡುತ್ತೇನೆ. ಕೇಳಲು ಬರುವವರೆಲ್ಲ ನೌಕರಿಯಲ್ಲಿರುವವರು. ಬ್ಯಾಂಕಿನವರು, ಸಮೀಕ್ಷೆ ನಡೆಸುವ ಸಂಸ್ಥೆಗಳವರು, ಸರ್ಕಾರದ ಇಲಾಖೆಗಳಲ್ಲಿ ಯೋಜನೆ ಮತ್ತು ಅಂಕಿ-ಅಂಶ ನೋಡಿಕೊಳ್ಳುವವರು. ವಿಷಯ ಎಕನಾಮೆಟ್ರಿಕ್ಸ್. ಅಂದರೆ ಆರ್ಥಿಕ ಜೀವನದ ಅಂಕಿಗಳನ್ನು ಸಂಖ್ಯಾಶಾಸ್ತ್ರದ ಹತಾರಗಳಿಂದ ಬಗೆದು, ಯಾವುದರಿಂದ ಯಾವುದು ಎಷ್ಟು ಬದಲಾಗುತ್ತದೆ ಎಂದು ಅಳೆಯುವ, ಆ ಅಳತೆಯ ಮೇಲೆ ನಾಳೆಯನ್ನು ಅಂದಾಜಿಸುವ ವಿದ್ಯೆ. ಈರುಳ್ಳಿ ಬೆಲೆ ಮುಂದಿನ ತಿಂಗಳು ಎಷ್ಟಾದೀತು, ಪ್ರಯಾಣದರ ಏರಿಸಿದರೆ ಎಷ್ಟು ಜನ ಕಡಿಮೆಯಾದಾರು, ಬರುವ ವರ್ಷ ತೆರಿಗೆ ಎಷ್ಟು ಬಂದೀತು, ಇಂಥವು ನಮ್ಮ ಪ್ರಶ್ನೆಗಳು. ಕೋರ್ಸು ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಕೆಲವರಿಗೆ ಬಡ್ತಿಯೂ ಸಿಗುತ್ತದೆ.

ಕಳೆದ ತಂಡದಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಬ್ಬ ಅಧಿಕಾರಿ ಇದ್ದರು. ಮೊದಲ ಬೆಂಚಿನಲ್ಲಿ ಕೂತು, ಲ್ಯಾಪ್‌ಟಾಪ್ ತೆರೆಯದೆ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಒಂದು ಶನಿವಾರ ಮುನ್ಸೂಚನೆಯ ದೋಷವನ್ನು ಅಳೆಯುವ ಪಾಠ ನಡೆಯುತ್ತಿತ್ತು. ಅವರು ಕೈ ಎತ್ತಿದರು.

"ಮೇಡಂ, ನಮ್ಮ ಅಂದಾಜು ತಪ್ಪಿದರೆ ಏನಾಗುತ್ತದೆ?"

ನಾನು ಬೋರ್ಡಿನ ಮೇಲಿದ್ದ ಸೂತ್ರ ತೋರಿಸಿದೆ. ನಿಜವಾದ ಸಂಖ್ಯೆಗೂ ಅಂದಾಜಿಗೂ ನಡುವಿನ ಅಂತರ ತೆಗೆದುಕೊಳ್ಳಿ, ಅದನ್ನು ವರ್ಗ ಮಾಡಿ, ಎಲ್ಲ ದಿನಗಳದ್ದನ್ನೂ ಕೂಡಿಸಿ ಸರಾಸರಿ ತೆಗೆಯಿರಿ ಎಂದೆ.

"ಅದಲ್ಲ ಮೇಡಂ. ಯಾರಿಗೆ ಏನಾಗುತ್ತದೆ ಅಂತ ಕೇಳಿದೆ."

ತರಗತಿ ನಕ್ಕಿತು. ನಾನೂ ನಕ್ಕೆ. ಅದು ಸಾರ್ವಜನಿಕ ನೀತಿಯ ಪ್ರಶ್ನೆ, ಮುಂದೆ ನೋಡೋಣ ಎಂದು ದಾಟಿಸಿಬಿಟ್ಟೆ. ಆದರೆ ಸಂಜೆ ಮೆಟ್ರೋದಲ್ಲಿ ಹಲಸೂರಿಗೆ ಹಿಂದಿರುಗುವಾಗ ಆ ಪ್ರಶ್ನೆ ನನ್ನ ಜೊತೆಯಲ್ಲೇ ಇಳಿಯಿತು. ಏಕೆಂದರೆ ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಎರಡು ಸಲ, ಇಬ್ಬರು ಬೇರೆ ಬೇರೆ ಹೆಂಗಸರಿಂದ ಕೇಳಿ ತಿಳಿದಿದ್ದೆ. ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮೊದಲನೆಯವರು ನನ್ನ ದೊಡ್ಡಮ್ಮ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರ ಮೂವತ್ತು ವರ್ಷ ಹೂ ಮಾರಿದವರು. ಬೆಳಗಿನ ಜಾವ ಎದ್ದು ಸಿಟಿ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ ತರುತ್ತಿದ್ದರು. ಮೈ ಸರಿಯಿಲ್ಲದ ದಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಒಂದಿಷ್ಟು ದುಬಾರಿಗೆ ತರುತ್ತಿದ್ದರು. ಎಷ್ಟು ತರಬೇಕು ಎಂಬುದೇ ಅವರ ವ್ಯಾಪಾರದ ಜೀವ. ಬಿಡಿ ಹೂವನ್ನು ತೂಕದಲ್ಲಿ ಕೊಂಡು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಬೇಕು. ಸಂಜೆಯೊಳಗೆ ಹೋಗದಿದ್ದರೆ ಕಸ. ನಾನು ಎಂ.ಎ. ಓದುವಾಗ ಹುಮ್ಮಸ್ಸಿನಲ್ಲಿ ಅವರ ಒಂದು ತಿಂಗಳ ವ್ಯಾಪಾರ ಬರೆದಿಟ್ಟು, ದಿನದ ಸರಾಸರಿ ತೆಗೆದು, "ದೊಡ್ಡಮ್ಮ, ನೀನು ದಿನಾ ಇಷ್ಟು ತಂದರೆ ಸಾಕು, ಸುಮ್ಮನೆ ಜಾಸ್ತಿ ತರುತ್ತಿದ್ದೀಯ" ಎಂದು ಹೇಳಿದ್ದೆ. ಅವರು ಹೂ ಕಟ್ಟುವ ಕೈ ನಿಲ್ಲಿಸದೆ ಹೇಳಿದರು:

"ಅಲ್ಲ ಕಣೇ, ಹೂ ಮಿಕ್ಕಿದರೆ ನನ್ನ ದುಡ್ಡು ಹೋಗುತ್ತೆ. ಸಾಲದೆ ಹೋದರೆ ಗಿರಾಕಿ ಹೋಗ್ತಾಳೆ. ದುಡ್ಡು ನಾಳೆ ಬರುತ್ತೆ. ಆಯಮ್ಮ ಪಕ್ಕದ ಬುಟ್ಟಿಗೆ ಒಂದು ಸಲ ಹೋದರೆ ಮತ್ತೆ ಇತ್ತ ಬರಲ್ಲ."

ದೊಡ್ಡಮ್ಮನಿಗೆ ಹೆಚ್ಚಾಗುವ ತಪ್ಪೂ ಕಡಿಮೆಯಾಗುವ ತಪ್ಪೂ ಒಂದೇ ಅಲ್ಲ. ಪಠ್ಯಪುಸ್ತಕಗಳು ಇದನ್ನು ಪತ್ರಿಕೆ ಮಾರುವವನ ಲೆಕ್ಕ ಎಂಬ ಹೆಸರಿನಲ್ಲಿ ಹೇಳುತ್ತವೆ. ಮಿಕ್ಕ ಒಂದು ಮೊಳದಿಂದ ಒಂದು ರೂಪಾಯಿ ನಷ್ಟ, ಸಾಲದ ಒಂದು ಮೊಳದಿಂದ ಮೂರು ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ಆಗ ಸರಾಸರಿಯಷ್ಟು ತರುವುದು ಮೂರ್ಖತನ. ನಾಲ್ಕು ದಿನಗಳಲ್ಲಿ ಮೂರು ದಿನ ಹೂ ಸಾಕಾಗಿ ಮಿಗುವಷ್ಟು, ಒಂದು ದಿನ ಮಾತ್ರ ಕೊರತೆ ಬೀಳುವಷ್ಟು ತರುವುದೇ ಸರಿಯಾದ ಲೆಕ್ಕ. ದೊಡ್ಡಮ್ಮ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು. ಮಿಕ್ಕದ್ದನ್ನು ಸಂಜೆ ಅರ್ಧ ಬೆಲೆಗೆ ಕೊಡುತ್ತಿದ್ದರು, ಆಮೇಲೂ ಉಳಿದರೆ ದೇವರಿಗೆ. ತಪ್ಪಿನ ದಂಡವನ್ನು ತಾನೇ ಕಟ್ಟುವವರಾದ್ದರಿಂದ ಯಾವ ತಪ್ಪಿಗೆ ಎಷ್ಟು ಬೆಲೆ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು.

ನಾವು ಮಾಡುವ ಅಂದಾಜಿಗೂ ದೊಡ್ಡಮ್ಮನ ಅಂದಾಜಿಗೂ ಇರುವ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. ಎಕನಾಮೆಟ್ರಿಕ್ಸ್ ಕಲಿಯುವವರು ಮೊದಲು ಕಲಿಯುವುದು ಕನಿಷ್ಠ ವರ್ಗಗಳ ವಿಧಾನ. ಫ್ರೆಂಚ್ ಗಣಿತಜ್ಞ ಲೆಜೆಂಡರ್ 1805ರಲ್ಲಿ ಅದನ್ನು ಪ್ರಕಟಿಸಿದ. ಪ್ರತಿ ತಪ್ಪನ್ನೂ ವರ್ಗ ಮಾಡಿ, ಅವೆಲ್ಲದರ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆ ಎಳೆಯುವುದು. ವರ್ಗ ಮಾಡಿದೊಡನೆ ಕೂಡು, ಕಳೆ ಚಿಹ್ನೆ ಅಳಿಸಿಹೋಗುತ್ತದೆ. ಹತ್ತು ಹೆಚ್ಚಾದರೂ ನೂರು, ಹತ್ತು ಕಡಿಮೆಯಾದರೂ ನೂರು. ಇದು ಸಹಜ ಸತ್ಯವೇನಲ್ಲ, ಒಂದು ಆಯ್ಕೆ. ಇದನ್ನು ಮರೆಮಾಚದೆ ಹೇಳಿದವನು ಗೌಸ್. 1820ರ ದಶಕದ ಆರಂಭದಲ್ಲಿ ಅವನು ಅಂದಾಜಿಸುವುದನ್ನು ಜೂಜಿಗೆ ಹೋಲಿಸಿದ. ಗೆಲುವೇ ಇಲ್ಲದ, ಸೋಲಷ್ಟೇ ಇರುವ ಜೂಜು. ಪ್ರತಿ ತಪ್ಪೂ ಒಂದು ನಷ್ಟ. ಆ ನಷ್ಟವನ್ನು ಹೇಗೆ ಅಳೆಯಬೇಕೆಂಬುದು ಒಂದು ಮಟ್ಟಿಗೆ ನಮ್ಮ ಇಚ್ಛೆಗೆ ಬಿಟ್ಟದ್ದು, ಲಾಪ್ಲಾಸ್ ಬೇರೊಂದು ಅಳತೆ ಹಿಡಿದಿದ್ದ, ತಾನು ವರ್ಗವನ್ನು ಆರಿಸಿಕೊಂಡದ್ದು ಅದು ಸರಳವಾದ್ದರಿಂದ ಎಂದು ಅವನು ಒಪ್ಪಿಕೊಂಡ. ಇನ್ನೂರು ವರ್ಷಗಳ ಮೇಲೆ ನಾವು ಆ ಸರಳತೆಯನ್ನು ಉಳಿಸಿಕೊಂಡಿದ್ದೇವೆ, ಒಪ್ಪಿಗೆಯ ಮಾತನ್ನು ಕೈಬಿಟ್ಟಿದ್ದೇವೆ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಉತ್ತರ ಬರುತ್ತದೆ. ನಷ್ಟ ಯಾರದು ಎಂದು ಅದು ಕೇಳುವುದಿಲ್ಲ.

ಎರಡನೆಯ ಹೆಂಗಸಿನ ಹೆಸರನ್ನು ನಾನು ಕೇಳಲೂ ಇಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಒಂದು ಸಲಹಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಕೆ.ಆರ್. ಪುರದ ಆಚೆ ದೊಡ್ಡದೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿನ ಕೂಲಿಕಾರರಿಗೆ ರಾತ್ರಿ ಊಟ ಕೊಡುವ ಗುತ್ತಿಗೆದಾರನಿಗೆ ದಿನವೂ ಅನ್ನ ಮಿಕ್ಕಿ ಚೆಲ್ಲುವುದು ತಲೆನೋವಾಗಿತ್ತು. ನಾಳೆ ಎಷ್ಟು ಊಟ ಬೇಕಾದೀತು ಎಂದು ಹಿಂದಿನ ದಿನವೇ ಹೇಳುವ ಮಾದರಿ ಮಾಡಿಕೊಡಿ ಎಂದು ಕೇಳಿದ್ದ. ನಮ್ಮ ಮಟ್ಟಿಗೆ ಸಣ್ಣ ಕೆಲಸ. ಒಂದು ವರ್ಷದ ಲೆಕ್ಕದ ಪುಸ್ತಕ ಸಿಕ್ಕಿತು: ದಿನ, ಹಾಜರಿ, ಬಡಿಸಿದ ಊಟ. ವಾರದ ದಿನ, ಹಬ್ಬ, ಮಳೆ, ಬಟವಾಡೆಯ ದಿನ ಎಲ್ಲವನ್ನೂ ಸೇರಿಸಿ ನಾನೇ ಮಾದರಿ ಕಟ್ಟಿದೆ. ಹೊಂದದ ಕೆಲವು ದಿನಗಳನ್ನು, ಅಂದರೆ ಊಟ ಇದ್ದಕ್ಕಿದ್ದಂತೆ ಏರಿದ ದಿನಗಳನ್ನು, ಅಪವಾದಗಳೆಂದು ತೆಗೆದುಹಾಕಿದೆ. ಅಂದಾಜು ಚೆನ್ನಾಗಿ ಕೂತಿತು. ಅನ್ನ ಚೆಲ್ಲುವುದು ಕಡಿಮೆಯಾಯಿತು. ಇನ್ನೂ ಸಂತೋಷದ ಸಂಗತಿಯೆಂದರೆ, ತಿಂಗಳು ಕಳೆದಂತೆ ಮಾದರಿಯ ದೋಷ ಇಳಿಯುತ್ತಲೇ ಹೋಯಿತು.

ಮೂರನೇ ತಿಂಗಳು ವರದಿಗೆ ಫೋಟೋ ಬೇಕೆಂದು ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ತಗಡಿನ ಶೆಡ್ಡುಗಳ ಸಾಲಿನ ಕೊನೆಯಲ್ಲಿ ಏಳೆಂಟು ಕಡೆ ಮೂರು ಕಲ್ಲಿನ ಒಲೆಗಳಿದ್ದವು, ಬೂದಿ ಇನ್ನೂ ಬೆಚ್ಚಗಿತ್ತು. ಕ್ಯಾಂಟೀನು ಇರುವಾಗ ಒಲೆ ಏಕೆ ಎಂದು ಅಲ್ಲಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಯಾದಗಿರಿ ಕಡೆಯವರು, ಕಾಂಕ್ರೀಟ್ ಹಾಕುವ ಗುಂಪಿನವರು.

"ನಾವು ಬರೂದ್ರಾಗ ಅನ್ನ ಮುಗಿದಿರತೈತ್ರಿ. ದಿನಾ ಬಂದು ಬರಿ ಪಾತ್ರಿ ನೋಡೂದ್ಯಾಕ ಅಂತ ನಾವ ಒಲಿ ಹೂಡೀವಿ."

ಚಾವಣಿಗೆ ಕಾಂಕ್ರೀಟ್ ಹಾಕಲು ಶುರುಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಳೆಯದೂ ಹೊಸದೂ ಬೆಸೆಯದೆ ಬಿರುಕಿಗೆ ದಾರಿಯಾಗುತ್ತದೆ. ಹಾಗಾಗಿ ಆ ಗುಂಪು ಕೆಲಸ ಮುಗಿಸಿ ಬರುವುದು ಎಲ್ಲರಿಗಿಂತ ತಡ. ಊಟದ ಸಾಲಿನಲ್ಲಿ ಯಾವಾಗಲೂ ಕೊನೆ. ನನ್ನ ಅಂದಾಜು ಇಪ್ಪತ್ತು ಊಟ ಕಡಿಮೆಯಾದರೆ ಆ ಇಪ್ಪತ್ತು ಆರುನೂರು ಜನಕ್ಕೆ ಹಂಚಿಹೋಗುತ್ತಿರಲಿಲ್ಲ. ಅದೇ ಇಪ್ಪತ್ತು ಜನರ ಮೇಲೆ, ಪ್ರತಿ ಸಲವೂ ಬೀಳುತ್ತಿತ್ತು. ನಾನು ಅಪವಾದವೆಂದು ತೆಗೆದುಹಾಕಿದ್ದ, ಊಟ ಇದ್ದಕ್ಕಿದ್ದಂತೆ ಏರಿದ ದಿನಗಳನ್ನು ನೆನಪುಮಾಡಿಕೊಂಡೆ. ಅವು ಕಾಂಕ್ರೀಟ್ ಹಾಕಿದ ದಿನಗಳು. ಆ ದಿನಗಳಲ್ಲಿ ಮಾತ್ರ ಹೊರಗಿನ ಆಳುಗಳೂ ಬರುತ್ತಿದ್ದರು.

ಇನ್ನೊಂದು ಸಂಗತಿ ಹೊಳೆಯಲು ಒಂದು ರಾತ್ರಿ ಬೇಕಾಯಿತು. ಪುಸ್ತಕದಲ್ಲಿದ್ದದ್ದು ಬಡಿಸಿದ ಊಟಗಳ ಲೆಕ್ಕ, ಹಸಿದವರ ಲೆಕ್ಕವಲ್ಲ. ಐನೂರೆಂಬತ್ತು ಮಾಡಿದರೆ ಐನೂರೆಂಬತ್ತೇ ಬಡಿಸಲು ಸಾಧ್ಯ. ಆರುನೂರು ಜನ ಬಂದಿದ್ದರೂ ಪುಸ್ತಕದಲ್ಲಿ ಐನೂರೆಂಬತ್ತು ಎಂದೇ ಬರೆಯಲಾಗುತ್ತದೆ, ನನ್ನ ಅಂದಾಜು ಕರಾರುವಾಕ್ಕಾಗಿ ಕಾಣುತ್ತದೆ. ಖಾಲಿ ಪಾತ್ರೆ ನೋಡಿ ಬೇಸತ್ತವರು ಬರುವುದನ್ನು ಬಿಟ್ಟಾಗ ಬೇಡಿಕೆಯೇ ಇಳಿದಂತೆ ಕಾಣುತ್ತದೆ, ಮಾದರಿ ನಾಳೆಗೆ ಇನ್ನೂ ಕಡಿಮೆ ಹೇಳುತ್ತದೆ. ತಿಂಗಳು ತಿಂಗಳೂ ದೋಷ ಇಳಿದದ್ದು ಈ ದಾರಿಯಲ್ಲಿ. ತಪ್ಪು ತನ್ನ ಸಾಕ್ಷಿಗಳನ್ನು ತಾನೇ ಮನೆಗೆ ಕಳಿಸಿ, ತಾನು ಸರಿಯೆಂದು ಸಾಬೀತುಮಾಡಿಕೊಂಡಿತ್ತು. ಇದರ ಜೊತೆಗೆ ಊಟದ ಹಣವನ್ನು ಮಾತ್ರ ಉಂಡವರಿಗೂ ಉಣ್ಣದವರಿಗೂ ಕೂಲಿಯಲ್ಲಿ ಮುರಿದುಕೊಳ್ಳುತ್ತಲೇ ಇದ್ದರು.

ಈ ತೊಡಕು ಶಾಸ್ತ್ರಕ್ಕೆ ಗೊತ್ತಿಲ್ಲದ್ದಲ್ಲ. ಅಳತೆಯ ಪಾತ್ರೆಗೆ ಗೋಡೆ ಇದ್ದು, ಅದರಾಚೆಯದು ದಾಖಲಾಗದಿದ್ದಾಗ ಲೆಕ್ಕ ಹೇಗೆ ಹಾಕಬೇಕೆಂದು ಜೇಮ್ಸ್ ಟೋಬಿನ್ 1958ರಲ್ಲೇ ತೋರಿಸಿದ್ದ. ನಷ್ಟ ಎರಡು ಕಡೆಗೂ ಸಮನಾಗಿರದಿದ್ದಾಗ ಮುನ್ಸೂಚನೆ ಹೇಗಿರಬೇಕೆಂದು ಕ್ಲೈವ್ ಗ್ರೇಂಜರ್ 1969ರಲ್ಲಿ ಬರೆದಿದ್ದ. ಸರಾಸರಿಯ ಬದಲು ಅಂಚಿನಲ್ಲಿರುವವರಿಗೆ ಗೆರೆ ಎಳೆಯುವ ವಿಧಾನವನ್ನು ಕೊಯೆಂಕರ್ ಮತ್ತು ಬ್ಯಾಸೆಟ್ 1978ರಲ್ಲಿ ಕೊಟ್ಟಿದ್ದರು. ಮೂರನ್ನೂ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಹತಾರ ಕೈಯಲ್ಲೇ ಇತ್ತು. ಹತಾರ ಎತ್ತಿಕೊಳ್ಳಬೇಕಾದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಬರಲಿಲ್ಲ, ಏಕೆಂದರೆ ಹಣ ಕೊಟ್ಟವನ ನಷ್ಟ ಚೆಲ್ಲಿದ ಅನ್ನ. ಸಾಲದ ಅನ್ನ ಅವನ ನಷ್ಟವಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ.

ವರದಿಯಲ್ಲಿ ನಾನು ಒಂದು ಪ್ಯಾರಾ ಬರೆದೆ. ಮೇಲಿನವರು ಓದಿ, ಇದನ್ನು ನಮ್ಮಿಂದ ಯಾರೂ ಕೇಳಿಲ್ಲವಲ್ಲ ಎಂದರು. ನಾನು ವಾದ ಮಾಡಲಿಲ್ಲ. ಪ್ಯಾರಾ ತೆಗೆದೆ. ವರದಿ ಹೋಯಿತು, ಹಣ ಬಂತು. ಮುಂದಿನ ವರ್ಷ ಆ ಕೆಲಸ ಬಿಟ್ಟದ್ದು ಬೇರೆ ಕಾರಣಕ್ಕೆ. ಅದನ್ನು ಪ್ರತಿಭಟನೆ ಎಂದು ಹೇಳಿಕೊಳ್ಳಲು ನನಗೆ ಹಕ್ಕಿಲ್ಲ.

ಇದೊಂದು ಕ್ಯಾಂಟೀನಿನ ಕಥೆ, ಇದರಿಂದ ದೇಶದ ಅರ್ಥನೀತಿಗೆ ಏನು ಎಂದು ನೀವು ಕೇಳಬಹುದು. ನಾನು ದಿನವೂ ಓಡಾಡುವ ನೇರಳೆ ಮಾರ್ಗವನ್ನೇ ನೋಡಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರಿನಲ್ಲಿ. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ಸಣ್ಣ ಕೊಂಡಿ ಕೂಡಿಕೊಂಡದ್ದು 2023ರ ಅಕ್ಟೋಬರಿನಲ್ಲಿ. 2025ರ ಫೆಬ್ರವರಿ 9ರಂದು ದರ ಏರಿತು; ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕೆಲವು ದೂರಗಳಿಗೆ ಏರಿಕೆ ಅತಿಯಾಯಿತೆಂಬ ಕೂಗೆದ್ದು ಒಂದು ವಾರದೊಳಗೆ ಕೆಲವು ದರಗಳನ್ನು ಇಳಿಸಬೇಕಾಯಿತು. ಪ್ರಯಾಣಿಕರ ಸಂಖ್ಯೆ ಇಳಿದದ್ದು ಸುದ್ದಿಯಾಯಿತು.

ಇಂಥಲ್ಲಿ ನಮ್ಮ ವಿದ್ಯೆ ಕೇಳುವ ಪ್ರಶ್ನೆ, ದರ ನೂರಕ್ಕೆ ಒಂದು ಏರಿದರೆ ಪ್ರಯಾಣಿಕರು ನೂರಕ್ಕೆ ಎಷ್ಟು ಕಡಿಮೆಯಾಗುತ್ತಾರೆ ಎಂಬುದು. ಇದಕ್ಕೆ ಸ್ಥಿತಿಸ್ಥಾಪಕತ್ವ ಎಂಬ ಭಾರಿ ಹೆಸರಿದೆ. ಇಳಿಕೆ ಒಂದಕ್ಕಿಂತ ಕಡಿಮೆಯಿದ್ದರೆ ಜನ ಒಂದಿಷ್ಟು ಕರಗಿದರೂ ಒಟ್ಟು ಆದಾಯ ಏರುತ್ತದೆ, ದರ ಏರಿಸಬಹುದು ಎಂದು ಟಿಪ್ಪಣಿ ಬರೆಯುತ್ತೇವೆ. ಟಿಪ್ಪಣಿ ತಪ್ಪಲ್ಲ. ಆದರೆ ದರ ಏರಿದ ಮೇಲೂ ಅದೇ ರೈಲು ಹತ್ತುವವರಲ್ಲಿ ಇಬ್ಬರನ್ನು ನೋಡಿ. ಒಬ್ಬನಿಗೆ ಮೂವತ್ತು ರೂಪಾಯಿ ಲೆಕ್ಕಕ್ಕೇ ಇಲ್ಲ. ಇನ್ನೊಬ್ಬಳು ಕೆ.ಆರ್. ಪುರದಿಂದ ಇಂದಿರಾನಗರದ ನಾಲ್ಕು ಮನೆಗಳ ಕೆಲಸಕ್ಕೆ ಬರುವವಳು. ಬಸ್ಸಿನಲ್ಲಿ ಬಂದರೆ ಮೊದಲ ಮನೆಗೆ ತಡವಾಗಿ ಆ ಮನೆಯೇ ಕೈತಪ್ಪುತ್ತದೆ, ಹಾಗಾಗಿ ಮಧ್ಯಾಹ್ನದ ತಿಂಡಿ ಬಿಟ್ಟು ರೈಲು ಹತ್ತುತ್ತಾಳೆ. ಅಂಕಿಯಲ್ಲಿ ಇಬ್ಬರೂ ಒಂದೇ: ದರಕ್ಕೆ ಪ್ರತಿಕ್ರಿಯಿಸದವರು. ಬೇಕಾದಷ್ಟಿರುವವನ ನಿರಾಳವನ್ನೂ ಬೇರೆ ದಾರಿಯಿಲ್ಲದವಳ ಅನಿವಾರ್ಯವನ್ನೂ ಆ ಸಂಖ್ಯೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇನ್ನು ರೈಲನ್ನೇ ಬಿಟ್ಟವಳು ಯಾವ ಗೇಟಿನ ಎಣಿಕೆಯಲ್ಲೂ ಇಲ್ಲ. ಅವಳು ಕ್ಯಾಂಟೀನಿಗೆ ಬರುವುದನ್ನು ಬಿಟ್ಟವರ ಹಾಗೆ.

ತಪ್ಪಿನ ದಂಡ ಇನ್ನೊಬ್ಬರ ಮೇಲೆ ಬೀಳುವುದು ಕೆಳಗಿನ ಹಂತದಲ್ಲಷ್ಟೇ ಅಲ್ಲ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ಬಂದು, ಹಣದುಬ್ಬರವನ್ನು ಶೇ. 4ರಲ್ಲಿ, ಹೆಚ್ಚೆಂದರೆ 6, ಕಡಿಮೆಯೆಂದರೆ 2ರೊಳಗೆ ಇಡಬೇಕೆಂಬ ಗುರಿ ಗೊತ್ತಾಯಿತು. ಸತತ ಮೂರು ತ್ರೈಮಾಸಿಕ ಆ ಗಡಿ ದಾಟಿದರೆ ಬ್ಯಾಂಕು ಸರ್ಕಾರಕ್ಕೆ ಕಾರಣ ವಿವರಿಸಿ ಪತ್ರ ಬರೆಯಬೇಕು. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಹಾಗಾಯಿತು. ಯುದ್ಧ, ಎಣ್ಣೆಯ ಬೆಲೆ, ಕೋವಿಡ್‌ನ ಬಾಲ, ಕಾರಣಗಳಿಗೇನೂ ಬರವಿರಲಿಲ್ಲ. ಬ್ಯಾಂಕಿನವರನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ನವೆಂಬರಿನಲ್ಲಿ ಪತ್ರ ಹೋಯಿತು. ಆಗ ಅದನ್ನು ಸಾರ್ವಜನಿಕರ ಮುಂದೆ ಇಡಲಿಲ್ಲ. ಗುರಿ ತಪ್ಪಿದ್ದಕ್ಕೆ ಕೊಟ್ಟ ದಂಡ ಒಂದು ಪತ್ರ. ಆ ಒಂಬತ್ತು ತಿಂಗಳು ಅಡುಗೆ ಎಣ್ಣೆ ಕೊಂಡವರು ಕಟ್ಟಿದ ದಂಡ ಬೇರೆ, ಅವರಿಗೆ ಪತ್ರ ಬರೆದವರಿಲ್ಲ.

ಇಷ್ಟನ್ನೂ ಮುಂದಿನ ಶನಿವಾರ ತರಗತಿಯಲ್ಲಿ ಹೇಳಿದೆ. ಪ್ಯಾರಾ ತೆಗೆದುಹಾಕಿದ್ದನ್ನೂ ಹೇಳಿದೆ. ಪ್ರಶ್ನೆ ಕೇಳಿದ್ದ ಅಧಿಕಾರಿಯೇ ಎದುರು ವಾದಕ್ಕೆ ನಿಂತರು, ಮತ್ತು ಅವರ ವಾದ ಹಗುರದ್ದಾಗಿರಲಿಲ್ಲ.

"ಹಾಗಾದರೆ ನೀವು ಏನು ಮಾಡಬೇಕಿತ್ತು? ಇಪ್ಪತ್ತು ಊಟ ಸೇರಿಸಿ ಹೇಳಬೇಕಿತ್ತಾ? ಅದು ಅಂದಾಜಲ್ಲ, ದಾನ. ಲೆಕ್ಕ ಮಾಡುವವರು ತಮ್ಮ ಕರುಣೆಯನ್ನೆಲ್ಲ ಲೆಕ್ಕದೊಳಗೆ ತುರುಕಿದರೆ ನಾವು ಯಾವ ಸಂಖ್ಯೆಯನ್ನು ನಂಬೋಣ? ಒಬ್ಬರು ಬಡವರ ಕಡೆಗೆ ವಾಲಿಸುತ್ತಾರೆ, ಇನ್ನೊಬ್ಬರು ಮಂತ್ರಿಗಳ ಕಡೆಗೆ. ಯಾರ ನಷ್ಟ ದೊಡ್ಡದು ಎಂದು ತೀರ್ಮಾನಿಸಲು ಓಟು ಪಡೆದವರಿದ್ದಾರೆ. ಅದು ನಿಮ್ಮ ಕೆಲಸ ಅಲ್ಲ ಮೇಡಂ."

ಇದರಲ್ಲಿ ಅರ್ಧ ನಿಜ ಎಂದು ನನಗೆ ಈಗಲೂ ಅನ್ನಿಸುತ್ತದೆ. ನನ್ನ ಮನಸ್ಸಿಗೆ ಹಿಡಿಸಿದವರ ಪರವಾಗಿ ಸಂಖ್ಯೆಯನ್ನು ಗುಟ್ಟಾಗಿ ಬಾಗಿಸಿದರೆ ನಾನು ಲೆಕ್ಕಿಗಳೂ ಅಲ್ಲ, ಪ್ರತಿನಿಧಿಯೂ ಅಲ್ಲ. ಹೆಚ್ಚು ಹೇಳುವುದೂ ಪುಕ್ಕಟೆಯಲ್ಲ. ಚೆಲ್ಲಿದ ಅನ್ನಕ್ಕೂ ಯಾರೋ ಬೆಲೆ ತೆತ್ತಿರುತ್ತಾರೆ. ಒಂದು ಕಡೆ ಹೆಚ್ಚಾಗಿ ತೆಗೆದಿಟ್ಟ ಹಣ ಇನ್ನೊಂದು ಶಾಲೆಗೋ ಆಸ್ಪತ್ರೆಗೋ ಸಿಗದೆ ಹೋಗುತ್ತದೆ. ದೊಡ್ಡಮ್ಮ ಕೂಡ ಎಲ್ಲ ದಿನವೂ ಬುಟ್ಟಿ ತುಂಬ ತರುತ್ತಿರಲಿಲ್ಲ.

ಉಳಿದರ್ಧ ಮಾತ್ರ ಒಪ್ಪಲಾರೆ. ಏಕೆಂದರೆ ವಾಲಿಸದ ಸಂಖ್ಯೆ ಎಂಬುದೊಂದು ಇದೆ, ಅದು ಎರಡು ಕಡೆಗೂ ಸಮ ಎಂದು ಆ ವಾದ ನಂಬಿಕೊಂಡಿದೆ. ಎರಡು ತಪ್ಪುಗಳನ್ನು ಸಮ ಎಂದು ಹಿಡಿಯುವುದೂ ಒಂದು ತೀರ್ಪು. ಇಪ್ಪತ್ತು ತಟ್ಟೆ ಚೆಲ್ಲಿದ್ದೂ ಇಪ್ಪತ್ತು ಜನ ಉಪವಾಸ ಮಲಗಿದ್ದೂ ಒಂದೇ ಎಂದು ನನ್ನ ಸೂತ್ರ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಓಟು ಪಡೆದವರು ತೀರ್ಮಾನಿಸಲಿ ಎನ್ನುವುದಾದರೆ, ತೀರ್ಮಾನಿಸಬೇಕಾದ ವಿಷಯವೊಂದಿದೆ ಎಂದು ಅವರಿಗೆ ತಿಳಿಯಬೇಕು. ನಾನು ಇಪ್ಪತ್ತು ಊಟ ಸೇರಿಸಬೇಕಿರಲಿಲ್ಲ. ಸಂಖ್ಯೆಯ ಪಕ್ಕದಲ್ಲಿ, ಇದು ಕಡಿಮೆಯಾದರೆ ಕಾಂಕ್ರೀಟ್ ಗುಂಪಿಗೆ ಊಟವಿಲ್ಲ, ಹೆಚ್ಚಾದರೆ ನಿಮಗೆ ಇಷ್ಟು ಕಿಲೋ ಅಕ್ಕಿ ನಷ್ಟ, ಯಾವುದನ್ನು ತಾಳುತ್ತೀರಿ ನೀವೇ ಹೇಳಿ ಎಂದು ಬರೆಯಬೇಕಿತ್ತು. ಗುತ್ತಿಗೆದಾರ ಕಟುಕನೇನಲ್ಲ. ಅಕ್ಕಿಯನ್ನೇ ಆರಿಸಿಕೊಳ್ಳುತ್ತಿದ್ದನೇನೋ. ಆದರೆ ಆಗ ಅದು ಅವನು ಕಣ್ಣು ಬಿಟ್ಟು ಮಾಡಿದ ಆಯ್ಕೆಯಾಗುತ್ತಿತ್ತು. ನಾನು ಮಾಡಿದ್ದು ಅವನ ಪರವಾಗಿ ಆರಿಸಿ, ಆರಿಸಿದ ಗುರುತನ್ನೂ ಅಳಿಸಿಕೊಟ್ಟದ್ದು.

ಇನ್ನೊಬ್ಬ ವಿದ್ಯಾರ್ಥಿನಿ, ಚಿಕ್ಕ ವಯಸ್ಸಿನವಳು, ಬೇರೆ ದಾರಿ ಹಿಡಿದಳು. ತಪ್ಪು ಇಷ್ಟು ದುಬಾರಿಯಾದರೆ ಅಂದಾಜು ಮಾಡುವುದನ್ನೇ ಬಿಡಬಹುದಲ್ಲ, ಗೊತ್ತಿರುವುದನ್ನಷ್ಟೇ ಹೇಳಿದರಾಯಿತು ಎಂದಳು. ಕೇಳಲು ಇದು ವಿನಯದಂತಿದೆ. ಗೊತ್ತಿರುವುದಕ್ಕೆ ಮಿತಿಯಿದೆ ಎಂಬುದು ನಮ್ಮ ಶಾಸ್ತ್ರದ ಒಳಗಿನ ಮಾತೇ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, ಇಪ್ಪತ್ತೈದರ ಆಸುಪಾಸಿನಲ್ಲಿ, 1945ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದನ್ನು ಗಣಿತದಲ್ಲಿ ತೋರಿಸಿದರು: ಕೈಯಲ್ಲಿರುವ ಮಾಹಿತಿಯಿಂದ, ಒಂದು ಕಡೆಗೆ ವಾಲದ ಅಂದಾಜು ಎಷ್ಟು ನಿಖರವಾಗಬಹುದು ಎಂಬುದಕ್ಕೆ ದಾಟಲಾಗದ ಗೆರೆಯೊಂದಿದೆ. ಎಷ್ಟೇ ಜಾಣನಾದರೂ ಅದರಾಚೆ ಹೋಗಲಾರ. ಆದರೆ ಆ ಗೆರೆ ಎಲ್ಲಿದೆ ಎಂದು ಲೆಕ್ಕ ಹಾಕಿ ಹೇಳಿದರೇ ಹೊರತು ಲೆಕ್ಕವನ್ನೇ ಬಿಡಿ ಎನ್ನಲಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮೆಲ್ಲರ ಕಣ್ಣೆದುರಿಗೆ ಉದಾಹರಣೆಯಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಳ್ಳಿಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ ನೂರಕ್ಕೆ 50ರಷ್ಟು ಜನರವರೆಗೆ ಅಗ್ಗದ ಧಾನ್ಯದ ಹಕ್ಕು ಕೊಟ್ಟಿತು. ಎಷ್ಟು ಜನ ಎಂಬುದನ್ನು ಪ್ರಕಟವಾದ ಜನಗಣತಿಯಿಂದಲೇ ಎಣಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಅದರ ಪ್ರಕಾರ ದೇಶಕ್ಕೆಲ್ಲ ಸುಮಾರು 81 ಕೋಟಿ ಎಂಬ ಮಿತಿ ನಿಂತಿತು. 2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಈ ನಡುವೆ ಜನಸಂಖ್ಯೆ ಬೆಳೆಯಿತು, ಮಿತಿ ಬೆಳೆಯಲಿಲ್ಲ. ಅಂದಾಜು ಇರಲಿಲ್ಲವೆಂದಲ್ಲ. 2011ರಿಂದ 2036ರವರೆಗೆ ಪ್ರತಿ ರಾಜ್ಯದ ಜನಸಂಖ್ಯೆ ಎಷ್ಟಾದೀತೆಂಬ ಅಧಿಕೃತ ಮುನ್ನೋಟವೇ ಸರ್ಕಾರದ ಬಳಿ ಇದೆ. ಅದು ನೂರಕ್ಕೆ ನೂರು ನಿಜವಾಗಲಿಕ್ಕಿಲ್ಲ. ಆದರೆ 2011ರ ಸಂಖ್ಯೆಯನ್ನೇ ಇಂದಿಗೂ ಹಿಡಿದು ಕೂರುವುದೆಂದರೆ, ಅಷ್ಟು ವರ್ಷಗಳಲ್ಲಿ ಬೆಳವಣಿಗೆ ಸೊನ್ನೆ ಎಂದು ಅಂದಾಜು ಮಾಡಿದ ಹಾಗೆಯೇ. ಎಲ್ಲ ಅಂದಾಜುಗಳಲ್ಲಿ ಖಂಡಿತವಾಗಿ ತಪ್ಪೆಂದು ಗೊತ್ತಿರುವುದು ಅದೊಂದೇ. ಅದರ ದಂಡವನ್ನು ಸಾಲಿನ ಕೊನೆಯಲ್ಲಿ ನಿಂತವರು, ಆಮೇಲೆ ಹುಟ್ಟಿದವರು, ಆಮೇಲೆ ಬೇರೆಯಾಗಿ ಸಂಸಾರ ಹೂಡಿದವರು ಕಟ್ಟುತ್ತಿದ್ದಾರೆ. ಹಾಗಾಗಿ ಸುಮ್ಮನಿರುವುದು ತಪ್ಪಿನಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ ಎಂದು ಆ ಹುಡುಗಿಗೆ ಹೇಳಿದೆ.

ಹಾಗಾದರೆ ಉಳಿದದ್ದು ಏನು? ಅಂದಾಜು ಮಾಡಲೇಬೇಕು, ಅದು ತಪ್ಪುತ್ತದೆ, ದಂಡ ಬಹುಪಾಲು ನಮ್ಮದಾಗಿರುವುದಿಲ್ಲ. ದೊಡ್ಡಮ್ಮನ ಹಾಗೆ ಸಂಜೆ ಬುಟ್ಟಿಯಲ್ಲಿ ಮಿಕ್ಕದ್ದನ್ನು ನೋಡಿ ಕಲಿಯುವ ಭಾಗ್ಯ ಸಂಬಳಕ್ಕೆ ಅಂದಾಜಿಸುವವರಿಗೆ ಇಲ್ಲ. ನಮ್ಮ ಬುಟ್ಟಿ ಇನ್ನೊಬ್ಬರ ಮನೆಯಲ್ಲಿ ಖಾಲಿಯಾಗುತ್ತದೆ. ದಂಡ ನಮ್ಮ ಮೇಲೆ ಬೀಳದಿರುವಾಗ, ಅದು ಯಾರ ಮೇಲೆ ಬೀಳುತ್ತದೆಂದು ಹೋಗಿ ನೋಡಿಬರುವುದು ನಮ್ಮ ಕರ್ತವ್ಯ ಎಂದಷ್ಟೇ ನಾನು ಈಗ ಹೇಳಬಲ್ಲೆ. ಇದಕ್ಕೆ ಕರುಣೆಯೂ ಬೇಕಿಲ್ಲ. ಒಬ್ಬರ ಹಣದಲ್ಲಿ ಪಣ ಕಟ್ಟುವವರು ಅವರಿಗೆ ಕೊಡಬೇಕಾದ ಲೆಕ್ಕ ಇದು.

ರಿಸರ್ವ್ ಬ್ಯಾಂಕಿನ ವರದಿಯಲ್ಲಿ ಹಣದುಬ್ಬರದ ಮುನ್ಸೂಚನೆ ಬೀಸಣಿಗೆಯ ಆಕಾರದ ಚಿತ್ರವಾಗಿ ಬರುತ್ತದೆ. ನಡುವೆ ಒಂದು ಗೆರೆ, ಸುತ್ತ ಹರಡುತ್ತ ಹೋಗುವ ಬಣ್ಣ. ಮುಂದಿನದು ದೂರವಾದಷ್ಟೂ ನಮ್ಮ ತಿಳಿವಳಿಕೆ ಎಷ್ಟು ಚೆದುರುತ್ತದೆಂದು ತೋರಿಸುವ ಪ್ರಾಮಾಣಿಕ ಚಿತ್ರ. ಮರುದಿನದ ಸುದ್ದಿಯಲ್ಲಿ ನಡುವಿನ ಗೆರೆ ಮಾತ್ರ ಇರುತ್ತದೆ. ನಾನೀಗ ವಿದ್ಯಾರ್ಥಿಗಳಿಗೆ ಆ ಬೀಸಣಿಗೆಯನ್ನು ಬಿಡಿಸಲು ಕಲಿಸುತ್ತೇನೆ, ಮತ್ತು ಅದರ ಎರಡು ಅಂಚುಗಳಲ್ಲಿ ಒಂದೊಂದು ವಾಕ್ಯ ಬರೆಯಲು ಹೇಳುತ್ತೇನೆ: ನಿಜವಾದ ಸಂಖ್ಯೆ ಇಲ್ಲಿ ಬಂದರೆ ತೊಂದರೆಗೆ ಸಿಗುವವರು ಯಾರು, ಅಲ್ಲಿ ಬಂದರೆ ಯಾರು. ದತ್ತಾಂಶದಲ್ಲಿ ಹೊಂದದ ಸಾಲನ್ನು ತೆಗೆಯುವ ಮೊದಲು, ಆ ದಿನ ಅಲ್ಲಿ ಏನಾಗಿತ್ತೆಂದು ಒಬ್ಬರನ್ನಾದರೂ ಕೇಳಿ ಬರೆಯಬೇಕು. ಈ ಎರಡು ನಿಯಮಗಳಿಗೆ ಅಂಕಗಳಿವೆ. ಅಂಕವಿಲ್ಲದಿದ್ದರೆ ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ.

ಕೋರ್ಸು ಮುಗಿದು ಕೆಲವು ತಿಂಗಳ ಮೇಲೆ ಆ ಅಧಿಕಾರಿ ಫೋನು ಮಾಡಿದ್ದರು. ತಮ್ಮ ಇಲಾಖೆಯ ಒಂದು ಅಂದಾಜು ಟಿಪ್ಪಣಿಯಲ್ಲಿ ಸಂಖ್ಯೆಯ ಕೆಳಗೆ, ಇದು ಕಡಿಮೆಯಾದರೆ ಯಾರಿಗೆ ತೊಂದರೆ ಎಂದು ಎರಡು ಸಾಲು ಬರೆದಿದ್ದರಂತೆ. ಮೇಲಿನವರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಸಂಖ್ಯೆಯನ್ನಷ್ಟೇ ಮೇಲಕ್ಕೆ ಕಳಿಸಿದರಂತೆ.

"ಬೇಜಾರಾಯಿತಾ ಸಾರ್?" ಎಂದು ಕೇಳಿದೆ.

"ಬೇಜಾರೇನಿಲ್ಲ ಮೇಡಂ. ಹೊಡೆದುಹಾಕಬೇಕಾದರೆ ಅವರು ಅದನ್ನು ಓದಲೇಬೇಕಾಯಿತಲ್ಲ. ಕಡತದಲ್ಲಿ ಹಾಗೇ ಇದೆ, ಗೆರೆಯ ಕೆಳಗೆ ಅಕ್ಷರ ಕಾಣುತ್ತದೆ."

ನನ್ನ ಪ್ಯಾರಾವನ್ನು ಹೊಡೆದುಹಾಕಿದವರು ಯಾರೂ ಇರಲಿಲ್ಲ. ಅದನ್ನು ನಾನೇ ಕಂಪ್ಯೂಟರಿನಲ್ಲಿ ಅಳಿಸಿದ್ದೆ. ಅದರ ಗುರುತು ಯಾವ ಕಡತದಲ್ಲೂ ಇಲ್ಲ.